ಕನ್ನಡಿಗೆ ಹಚ್ಚಿದ ಗಂಧ

ಕಾಲರ್ ಹಿಡಿದು ಹೊರಗೆಳೆದೆ. ಹುಡುಗನ ಅಂಗಿಯ ಎರಡು ಗುಂಡಿ ಕಿತ್ತು ರಸ್ತೆಗೆ ಬಿದ್ದವು. ಅವನ ಬೆನ್ನನ್ನು ಅವನ ಕಾರಿನ ಬಾಗಿಲಿಗೇ ಬಡಿದೆ. ಬಾಗಿಲು ಒಳಗೆ ತಗ್ಗಿತು. ನನ್ನ ಕಾರಿನ ಎಡ ಮಗ್ಗುಲು ಮುಂದಿನಿಂದ ಹಿಂದಿನವರೆಗೆ ಗೀರಿತ್ತು, ಎಡಗಡೆ ಕನ್ನಡಿ ವೈರಿನಲ್ಲಿ ನೇತಾಡುತ್ತಿತ್ತು. ಅವಿನಾಶಿ ರಸ್ತೆಯಲ್ಲಿ ನನ್ನ ಪಕ್ಕದಲ್ಲೇ ಬರುತ್ತಿದ್ದವನು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಬಲಕ್ಕೆ ನುಗ್ಗಿದ್ದ.

ಜನ ಸೇರಿದರು. ಆಯುಧಪೂಜೆಯ ಮಾರನೇ ದಿನ, ಯಾರಿಗೂ ಕೆಲಸ ಇರಲಿಲ್ಲ. "ಅಡಿಂಗಣ್ಣಾ, ವಿಡಾದೀಂಗ!" ಅಂದ ಒಬ್ಬ ತಮಿಳಿನಲ್ಲಿ. ಹೊಡೀರಿ ಅಣ್ಣಾ, ಬಿಡಬೇಡಿ ಅಂತ. ನಮ್ಮ ಕಡೆ ಹೊಡಿ ಅನ್ನುವುದನ್ನೂ ಮರ್ಯಾದೆ ಕೊಟ್ಟೇ ಹೇಳುತ್ತಾರೆ.

ಕೈ ಎತ್ತಿದೆ. ಆಗ ಮೂಗಿಗೆ ಗಂಧ ಬಡಿಯಿತು. ಹುಡುಗನ ತಲೆಯ ಪಕ್ಕದಲ್ಲೇ ಅವನ ಬಲಗಡೆ ಕನ್ನಡಿ. ಕನ್ನಡಿಯ ಗಾಜಿನ ಮೇಲೆ ಮೂರು ಬೆರಳಗಲ ಗಂಧ, ನಡುವೆ ದಪ್ಪ ಕುಂಕುಮದ ಬೊಟ್ಟು. ಒಣಗಿತ್ತು, ವಾಸನೆ ಮಾತ್ರ ಇನ್ನೂ ಹೋಗಿರಲಿಲ್ಲ.

ಕೈ ಮೇಲೆಯೇ ನಿಂತಿತು. ನನಗೆ ನಮ್ಮ ಡ್ರೈವರ್ ಮಾವ ನೆನಪಾದರು...

ಮಾವ ಅಂದರೆ ಸ್ವಂತ ಮಾವ ಅಲ್ಲ. ಕರುಮತ್ತಂಪಟ್ಟಿಯಲ್ಲಿ ನಮ್ಮ ಬೀದಿಯವರು. ಊರು ತಮಿಳಿನವರದಾದರೂ ಬೀದಿ ತುಂಬ ನಮ್ಮ ಕನ್ನಡದ ನೇಕಾರರೇ, ಎಲ್ಲರಿಗೂ ಎಲ್ಲರೂ ಏನಾದರೂ ಒಂದು ಸಂಬಂಧ. ಅವರು ಮೊದಲಾಳಿಯ ಕಾರಿನ ಡ್ರೈವರ್. ಮೊದಲಾಳಿ ಅಂದರೆ ನಾನು ಕೆಲಸ ಮಾಡುತ್ತಿದ್ದ ಕರೆಂಟು ಮಗ್ಗದ ಶೆಡ್ಡಿನ ಯಜಮಾನ. ಏಳನೇ ಕ್ಲಾಸು ಬಿಟ್ಟವನು ಆ ಶೆಡ್ಡು ಸೇರಿದ್ದೆ. ಇಪ್ಪತ್ತಾಗುವ ಹೊತ್ತಿಗೆ ಮಗ್ಗದ ಸದ್ದು ಕೇಳಿ ಕೇಳಿ ತಲೆ ಕೆಟ್ಟಿತ್ತು. ಡ್ರೈವಿಂಗ್ ಕಲಿತು ಹೊರಗೆ ಹೋಗಬೇಕು, ಅಷ್ಟೇ ಬೇಕಾಗಿತ್ತು. ಮಾವನ ಹತ್ತಿರ ಹೋಗಿ ಕೇಳಿದೆ.

"ಏಟು ತಿನ್ತೀಯಾ ಅಳಿಯಾ?" ಅಂದರು.

"ತಿಂತೀನಿ ಮಾವ."

"ಆಮೇಲೆ ನಿಮ್ಮಮ್ಮನ್ ಕೂಟೆ ಅಳ್ಕೊಂಡು ಹೋಗ್ಬಾರ್ದು."

ಆಟಕ್ಕೆ ಹೇಳಿದ್ದಲ್ಲ. ಮೊದಲ ಐದು ದಿನ ಕೀಲಿಯನ್ನೇ ಕೊಡಲಿಲ್ಲ. ನಿಂತ ಕಾರಿನಲ್ಲಿ ಕೂರಿಸಿ ಕನ್ನಡಿ ಹೊಂದಿಸು ಅಂದರು. ಹೊಂದಿಸಿದೆ. ಏನು ಕಾಣುತ್ತದೆ ಅಂತ ಕೇಳಿದರು. ರಸ್ತೆ ಕಾಣುತ್ತದೆ, ನಮ್ಮ ಕಾರಿನ ಬಾಗಿಲು ಕಾಣುತ್ತದೆ, ಹಿಡಿಕೆ ಕಾಣುತ್ತದೆ ಅಂದೆ. ಕಿಟಕಿಯೊಳಗೆ ಕೈ ಬಂದು ಕೆನ್ನೆಗೆ ಬಿತ್ತು. ಕಣ್ಣಲ್ಲಿ ನೀರು ಬಂತು.

"ನಿನ್ ವಂಡಿ ಬಾಗ್ಲು ಎಲ್ಲಿಗ್ ಓಡೋಗ್ತದಲೇ? ಕಳ್ಳ ಬಂದು ಬಿಚ್ಕೊಂಡು ಹೋಗ್ತಾನಾ? ಅದನ್ ಯಾಕ್ ನೋಡ್ತೀಯಾ? ನಿನ್ನ ಕೊಲ್ಲೋನು ಪಕ್ಕದಲ್ ಬತ್ತವನೆ, ಅವನ್ನ ನೋಡು!"

ಅವರು ಕಲಿಸಿದ್ದು ಇಷ್ಟು. ಮೊದಲು ಸೀಟು ಸರಿ ಮಾಡಿಕೊಳ್ಳಬೇಕು, ಆಮೇಲೆ ಕನ್ನಡಿ. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು, ನಿನ್ನ ಮುಖ ಅಲ್ಲ. ಬಲಗಡೆಯದಕ್ಕೆ ತಲೆಯನ್ನು ಕಿಟಕಿಗೆ ತಾಗಿಸಿ, ನಿನ್ನ ಕಾರಿನ ಅಂಚು ಒಂದು ನೂಲಿನಷ್ಟು ಕಾಣುವವರೆಗೆ ಹೊರಗೆ ತಿರುಗಿಸು. ಎಡಗಡೆಯದಕ್ಕೆ ತಲೆಯನ್ನು ಕಾರಿನ ನಡುವಿಗೆ ತಂದು ಹಾಗೇ ಮಾಡು. ಆಮೇಲೆ ನೆಟ್ಟಗೆ ಕೂತರೆ ನಿನ್ನ ಕಾರು ಎರಡರಲ್ಲೂ ಕಾಣಬಾರದು. ಹಿಂದಿನಿಂದ ಬರುವವನು ಒಳಗಿನ ಕನ್ನಡಿ ಬಿಟ್ಟ ಕೂಡಲೇ ಪಕ್ಕದ ಕನ್ನಡಿಗೆ ಬರಬೇಕು, ಅದನ್ನು ಬಿಟ್ಟ ಕೂಡಲೇ ನಿನ್ನ ಕಣ್ಣಂಚಿಗೆ. ನಡುವೆ ಅವನು ಎಲ್ಲೂ ಮಾಯವಾಗಬಾರದು. ಇಷ್ಟೆಲ್ಲ ಮಾಡಿದರೂ ತಿರುಗುವ ಮುಂಚೆ ಕತ್ತು ತಿರುಗಿಸಿ ಒಂದು ಸಲ ನೋಡಲೇಬೇಕು.

ಪರೀಕ್ಷೆಯೂ ಇತ್ತು. ಮಾವ ಕಾರಿನ ಸುತ್ತ ಬರಿಗಾಲಲ್ಲಿ ಓಡಾಡುತ್ತಿದ್ದರು. ಎಲ್ಲಿದ್ದೀನಿ ಹೇಳು ಅನ್ನುತ್ತಿದ್ದರು. ತಪ್ಪಿದರೆ ನೂಲು ಸುತ್ತುವ ಖಾಲಿ ಕೋನು ಬೀಸಿ ಬಂದು ಕಿವಿಗೆ ಬೀಳುತ್ತಿತ್ತು. ಒಂದು ಸಲ ಹುಬ್ಬು ಒಡೆದು ರಕ್ತ ಬಂತು. ಅರಿಸಿನ ಮೆತ್ತಿ, "ಈಗ ಎಲ್ಲಿದ್ದೀನಿ?" ಅಂತ ಮತ್ತೆ ಶುರು ಮಾಡಿದರು.

ಯಾಕೆ ಇಷ್ಟು ಹೊಡೀತೀರಿ ಅಂತ ಕೇಳಿದ್ದೆ.

"ಮಗ್ಗದ ಸದ್ದಲ್ಲಿ ಹುಟ್ಟಿ ಬೆಳೆದೋರು ನಾವು. ನಮ್ಮ ಕಿವಿ ಅರ್ಧ ಸತ್ತದೆ. ಬೇರೆಯೋನಿಗೆ ಹಾರ್ನ್ ಕೇಳ್ತದೆ, ನಿಂಗೆ ಕೇಳಲ್ಲ. ನಿಂಗೆ ಈ ಮೂರು ಕಣ್ಣಾಡಿ ಬಿಟ್ರೆ ಏನಿದೆ?"

ನಿಜ. ನಮ್ಮ ಮನೆಗಳಲ್ಲಿ ಎಲ್ಲರೂ ಜಗಳ ಆಡುವ ಹಾಗೆ ಕೂಗಿಯೇ ಮಾತಾಡುತ್ತೇವೆ. ಕಿವಿ ಹೋಗಿರುವುದು ನಮಗೇ ಗೊತ್ತಿರುವುದಿಲ್ಲ.

ನಾಲ್ಕು ತಿಂಗಳಲ್ಲಿ ಲೈಸೆನ್ಸ್ ಬಂತು. ಆಮೇಲೆ ಆಯುಧಪೂಜೆ ಬಂತು.

ಅವತ್ತು ಮಗ್ಗ ನಿಲ್ಲಿಸಿ, ಉಜ್ಜಿ, ಒಂದೊಂದಕ್ಕೂ ಗಂಧ ಕುಂಕುಮ ಇಡುತ್ತೇವೆ. ಇಟ್ಟ ಗಂಧವನ್ನು ಒರೆಸುವುದಿಲ್ಲ. ಅದು ತಾನಾಗಿ ಒಣಗಿ ಉದುರಬೇಕು. ಮಗ್ಗಕ್ಕೆ ಅದರಿಂದ ತೊಂದರೆ ಇಲ್ಲ. ಆದರೆ ಕಾರಿಗೂ ಅದೇ ಲೆಕ್ಕ. ಮೊದಲಾಳಿಯ ತಾಯಿ ನನ್ನ ಕೈಗೆ ಬಟ್ಟಲು ಕೊಟ್ಟು, "ವಂಡಿ ಕಣ್ಣಿಗೂ ಇಡಪ್ಪಾ" ಅಂದರು. ಕಣ್ಣು ಅಂದರೆ ಲೈಟು, ಕನ್ನಡಿ ಎಲ್ಲ. ಎರಡೂ ಕನ್ನಡಿಗೆ ಚೆನ್ನಾಗಿ ಬಳಿದೆ. ಮಾವ ಏನು ಹೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಆದರೂ ಬಳಿದೆ.

ಪೂಜೆ ಮುಗಿದು ಮಂಡಕ್ಕಿ ಹಂಚುತ್ತಿದ್ದಾಗ ಮಾವ ಬಂದರು. ಅಂಗಿಯ ತುದಿಯಿಂದ ಕನ್ನಡಿ ಒರೆಸತೊಡಗಿದರು. ಬಟ್ಟಲು ಕೊಟ್ಟಿದ್ದ ಅಜ್ಜಿ ಕಿರುಚಿದರು. ಮೊದಲಾಳಿ ಮಂಡಕ್ಕಿ ಪೊಟ್ಟಣ ಎಸೆದು ಬಂದವನು ಮಾವನ ಕೆನ್ನೆಗೆ ಬಾರಿಸಿದ. ಶೆಡ್ಡಿನ ಅಷ್ಟೂ ಜನರ ಮುಂದೆ. ಮಗ್ಗ ನಿಂತಿತ್ತಲ್ಲ, ಆ ಸದ್ದು ಎಲ್ಲರಿಗೂ ಕೇಳಿಸಿತು.

"ಹಬ್ಬದ ದಿನ ಸಾಮಿ ಕುಂಕುಮ ಅಳಿಸ್ತೀಯಾ? ನನ್ ಮನೆ ಹಾಳ್ ಮಾಡಕ್ ಬಂದ್ಯಾ?"

"ಕಣ್ಣು ಕಾಣಲ್ಲ ಮೊದಲಾಳಿ. ಬಾನೆಟ್‌ಗೆ ಇಡಿ, ಎಷ್ಟು ಬೇಕಾದ್ರೂ ಇಡಿ. ಕಣ್ಣಾಡಿಗೆ ಬೇಡ."

ಇನ್ನೊಂದು ಬಿತ್ತು. ಮಾವ ಕೈ ಎತ್ತಲಿಲ್ಲ. ಎತ್ತಿದ್ದರೆ ಮೊದಲಾಳಿ ಅಲ್ಲೇ ಮಲಗುತ್ತಿದ್ದ. ಜೇಬಿನಿಂದ ಕೀಲಿ ತೆಗೆದು ಬಾನೆಟ್ ಮೇಲೆ ಇಟ್ಟರು. ಮೊದಲಾಳಿ ಅದನ್ನು ಎತ್ತಿ ನನ್ನ ಎದೆಗೆ ಎಸೆದ. "ನಾಳೆಯಿಂದ ನೀನು."

ನಾನು ಹಿಡಿದೆ. ಬೇಡ ಅನ್ನಲಿಲ್ಲ. ಕೈಗೆ ಕೀಲಿ ಬಂತಲ್ಲ ಅನ್ನುವುದೊಂದೇ ತಲೆಯಲ್ಲಿತ್ತು.

ಮಾವ ನನ್ನನ್ನು ದಾಟಿ ಹೋಗುವಾಗ, "ಒರೆಸ್ಕೊಂಡು ಓಡ್ಸು ಅಳಿಯಾ" ಅಂದರು. ಅಷ್ಟೇ.

ಅವರು ಹೋದ ಮೇಲೆ ಅಜ್ಜಿ ಮತ್ತೆ ಬಟ್ಟಲು ಕೊಟ್ಟರು. ನಾನು ಮತ್ತೆ ಹಚ್ಚಿದೆ. ಮೊದಲಿಗಿಂತ ದಪ್ಪವಾಗಿಯೇ.

ಮಾರನೇ ದಿನ ಬೆಳಿಗ್ಗೆ ಡೀಸೆಲ್ ಹಾಕಿಸಲು ಒಬ್ಬನೇ ಹೊರಟೆ. ಹೊಸ ಅಂಗಿ ಹಾಕಿದ್ದೆ. ಹೆದ್ದಾರಿಯಿಂದ ಪಕ್ಕದ ರಸ್ತೆಗೆ ಎಡಕ್ಕೆ ತಿರುಗಬೇಕಿತ್ತು. ಎಡಗನ್ನಡಿ ನೋಡಿದೆ. ಹಳದಿ, ಕೆಂಪು. ಕತ್ತು ತಿರುಗಿಸಲಿಲ್ಲ. ತಿರುಗಿಸಿಬಿಟ್ಟೆ, ಸ್ಟಿಯರಿಂಗ್ ಮಾತ್ರ.

ದಡ್ ಅಂತು. ಬ್ರೇಕ್ ತುಳಿದೆ. ಎಡಗಡೆ ಮೊಪೆಡ್ ಬಿದ್ದಿತ್ತು, ಅದರ ಕೆಳಗೆ ಒಬ್ಬ ಮನುಷ್ಯ. ಅವನ ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಹಾಲಿನ ಕ್ಯಾನು ಒಡೆದು, ಹಾಲೂ ರಕ್ತವೂ ಸೇರಿ ರಸ್ತೆಯ ಅಂಚಿಗೆ ಹರಿಯುತ್ತಿತ್ತು. ಅವನು ಹಾರ್ನ್ ಹೊಡೆಯುತ್ತಲೇ ಇದ್ದನಂತೆ. ನನಗೆ ಕೇಳಿಸಿರಲಿಲ್ಲ.

ನನ್ನನ್ನು ಎಳೆದು ಕೆಡವಿದರು. ಅವತ್ತು ಯಾರೂ ಮರ್ಯಾದೆ ಕೊಟ್ಟು ಬೈಯಲಿಲ್ಲ. ಚಪ್ಪಲಿ, ಹೆಲ್ಮೆಟ್ಟು, ಕಾಲು. ಮೂಗು ಮುರಿದದ್ದು ಸದ್ದಿನಿಂದಲೇ ಗೊತ್ತಾಯಿತು. ಬಾಯಲ್ಲಿ ಹಲ್ಲಿನ ಚೂರು. ಯಾರೋ ಬೆನ್ನ ಮೇಲೆ ಹತ್ತಿ ತುಳಿದರು. ಸಾಯುತ್ತೇನೆ ಅಂದುಕೊಂಡೆ. ಭಯ ಅಲ್ಲ, ಸುಮ್ಮನೆ ಲೆಕ್ಕ ಹಾಕಿದ ಹಾಗೆ... ಇನ್ನು ಇಷ್ಟು ಏಟು ಬಿದ್ದರೆ ಮುಗಿಯಿತು ಅಂತ.

ಆಗ ಒಂದು ಕೈ ನನ್ನ ಕೂದಲು ಹಿಡಿದು ಎತ್ತಿ ಕೆನ್ನೆಗೆ ಬಿಟ್ಟಿತು. ಆ ಏಟು ನನಗೆ ಗೊತ್ತಿತ್ತು. ನಾಲ್ಕು ತಿಂಗಳು ತಿಂದ ಏಟು.

ಮಾವ ಎದುರಿನ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದರಂತೆ, ಕೆಲಸ ಹೋದವರಿಗೆ ಇನ್ನೇನು. ಮಾವ ಇನ್ನೂ ಎರಡು ಬಿಟ್ಟರು, ಒಂದಕ್ಕಿಂತ ಒಂದು ಜೋರು. "ನಮ್ಮ ಪಯ್ಯನ್! ನಾನೇ ಕೊಲ್ಲುರೇನ್!" ಅಂತ ಜನರ ಕಡೆ ತಿರುಗಿ ತಮಿಳಿನಲ್ಲಿ ಗರ್ಜಿಸಿದರು. ನಮ್ಮ ಹುಡುಗ, ನಾನೇ ಕೊಲ್ಲುತ್ತೇನೆ ಅಂತ. ಮುಂದಿದ್ದವರು ಹಿಂದೆ ಸರಿದರು. ಸ್ವಂತದವನೇ ಇಷ್ಟು ಹೊಡೆಯುತ್ತಿರುವಾಗ ಬೇರೆಯವನು ಏನು ಹೊಡೆಯುವುದು? ಏಟಿನ ನಡುವೆ ಮಾವ ನನ್ನ ಕಿವಿಯ ಹತ್ತಿರ, "ಬಿದ್ಬಿಡಲೇ, ಏಳ್ಬೇಡ" ಅಂದರು. ಬಿದ್ದೆ.

ಆದರೆ ಹಿಂದಿನಿಂದ ಒಬ್ಬ ಆಗಲೇ ಜ್ಯಾಕಿ ರಾಡು ಬೀಸಿದ್ದ. ನನ್ನ ತಲೆಗೆ ಬೀಸಿದ್ದು. ಮಾವ ಅಡ್ಡ ಬಗ್ಗಿದರು. ಅದು ಅವರ ಕತ್ತಿನ ಹಿಂಬದಿಗೆ ಬಿತ್ತು.

ಸದ್ದು ಹೇಗಿತ್ತು ಅಂತ ಹೇಳುವುದಿಲ್ಲ...

ವಯಸ್ಸಾದ ಮನುಷ್ಯ ಬಿದ್ದದ್ದು ನೋಡಿ ರಾಡಿನವನು ರಾಡು ಬಿಸಾಡಿ ಓಡಿದ. ಜನ ಕರಗಿದರು. ಮೊಪೆಡ್ಡಿನವನು ಅಮ್ಮಾ ಅಮ್ಮಾ ಅನ್ನುತ್ತಿದ್ದ. ಆಂಬುಲೆನ್ಸ್ ಬರಲು ಇನ್ನೂ ಹೊತ್ತಿದೆ ಅಂದರು ಯಾರೋ. ಮಾವ ಕಾರಿನ ಚಕ್ರ ಹಿಡಿದು ಎದ್ದರು. ತಲೆ ಒಂದು ಪಕ್ಕಕ್ಕೆ ವಾಲಿತ್ತು. ಎದ್ದವರು ಮೊದಲು ಮಾಡಿದ್ದು ಏನು ಗೊತ್ತಾ? ಅಂಗಿಯ ತುದಿ ಎಳೆದು ಎಡಗನ್ನಡಿ ಒರೆಸಿದರು. ಒಣಗಿದ ಗಂಧ ಹೋಗಲಿಲ್ಲ. ಎಂಜಲು ಉಗಿದು ಉಜ್ಜಿದರು. ಎಂಜಲಲ್ಲಿ ರಕ್ತ ಇತ್ತು. ಆಮೇಲೆ ನನ್ನ ಕಡೆ ನೋಡಿದರು. ನಾನು ಒರೆಸಿರಲಿಲ್ಲ ಅಂತ ಅವರಿಗೆ ಗೊತ್ತಾಯಿತು.

"ಅವನ್ನ ಹಿಂದೆ ಮಲಗ್ಸು. ನೀನೇ ಓಡ್ಸು," ಅಂದರು.

"ಆಗಲ್ಲ ಮಾವ. ಕೈ ನಡುಗ್ತದೆ."

"ನಡುಗ್ಲಿ. ಕಣ್ಣು ನಡುಗ್ತದಾ? ಏರು."

ಮೊಪೆಡ್ಡಿನವನನ್ನು ಹಿಂದೆ ಮಲಗಿಸಿದೆವು. ಮಾವ ಎಡಗಡೆ ಕೂತರು. ಒಂದು ಕೈಯಲ್ಲಿ ತಮ್ಮ ತಲೆ ಹಿಡಿದುಕೊಂಡು, ಇನ್ನೊಂದು ಕೈ ಕಿಟಕಿಯಿಂದ ಹೊರಗೆ ಹಾಕಿ ಕನ್ನಡಿ ತಿರುಗಿಸಿದರು. ನಾನು ತಲೆಯನ್ನು ನಡುವಿಗೆ ತಂದೆ, ಆಮೇಲೆ ನೆಟ್ಟಗೆ ಕೂತೆ. ಮೂಗಿನಿಂದ ರಕ್ತ ಗೇರಿನ ಮೇಲೆ ಸುರಿಯುತ್ತಿತ್ತು. "ಬಾಗ್ಲು ಕಾಣ್ತದಾ?" ಅಂದರು. ಇಲ್ಲ ಮಾವ ಅಂದೆ. "ಹಂಗಾದ್ರೆ ಹೋಗು."

ಮೊಪೆಡ್ಡಿನವನು ಉಳಿದ. ಕುಂಟುತ್ತಾನೆ, ಉಳಿದ. ಮಾವನ ಕತ್ತು ಮಾತ್ರ ಮತ್ತೆ ತಿರುಗಲಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕು. ಮೊದಲಾಳಿ ತಾನಾಗಿ ಬಂದು, ಕೆಲಸಕ್ಕೆ ವಾಪಸ್ ಬಾ, ನಿಧಾನಕ್ಕೆ ಓಡಿಸು, ಕನ್ನಡಿ ಇದೆಯಲ್ಲ ಅಂದ. ಮಾವ ಒಪ್ಪಲಿಲ್ಲ.

"ಕತ್ತು ತಿರುಗದೋನು ಸ್ಟಿಯರಿಂಗ್ ಹಿಡೀಬಾರ್ದು ಮೊದಲಾಳಿ. ನಾನೇ ಹೇಳ್ಕೊಟ್ಟದ್ದು."

ಮೂವತ್ತು ವರ್ಷ ಕಾರು ಓಡಿಸಿದವರು ಅದೇ ಶೆಡ್ಡಿನ ಮೂಲೆಯಲ್ಲಿ ನೂಲು ಸುತ್ತಲು ಕೂತರು, ಗೋಡೆಗೆ ಮುಖ ಮಾಡಿ. ನಾನು ಆ ಕೀಲಿ ವಾಪಸ್ ಕೊಟ್ಟು ಬೇರೆ ಕಡೆ ಡ್ರೈವರ್ ಆದೆ. ಅವರನ್ನು ನೋಡಲು ಹೋದಾಗಲೆಲ್ಲ ಹೇಳಬೇಕು ಅಂದುಕೊಳ್ಳುತ್ತಿದ್ದೆ. ನಾನು ಎರಡು ಸಲ ಹಚ್ಚಿದೆ ಮಾವ, ಎರಡನೇ ಸಲ ನಿಮ್ಮ ಮಾತು ಕೇಳಿದ ಮೇಲೂ ಹಚ್ಚಿದೆ ಅಂತ. ಹೇಳಲಿಲ್ಲ. ಅವರೂ ಕೇಳಲಿಲ್ಲ. "ಕಣ್ಣಾಡಿ ನೋಡ್ಕೊಂಡ್ಯಾ?" ಅನ್ನುತ್ತಿದ್ದರು, ಇಡೀ ಮೈ ನನ್ನ ಕಡೆ ತಿರುಗಿಸಿ. ನೋಡ್ಕೊಂಡೆ ಮಾವ ಅನ್ನುತ್ತಿದ್ದೆ.

ಎರಡು ವರ್ಷದ ಹಿಂದೆ ತೀರಿಕೊಂಡರು. ಹೆಗಲು ಕೊಟ್ಟೆ. ಅದರಿಂದ ಏನೂ ತೀರಲಿಲ್ಲ...

ಅವಿನಾಶಿ ರಸ್ತೆಯಲ್ಲಿ ನನ್ನ ಕೈ ಇನ್ನೂ ಮೇಲೆಯೇ ಇತ್ತು. ಹಿಂದೆ ಜನ ತಳ್ಳುತ್ತಿದ್ದರು. ಒಬ್ಬ ಆಗಲೇ ಹೆಲ್ಮೆಟ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ನಾನು ಬಿಟ್ಟರೆ ಅವರು ಹಿಡಿಯುತ್ತಾರೆ. ಹುಡುಗನ ಮುಖ ಬೆಳ್ಳಗಾಗಿತ್ತು.

ಬಾರಿಸಿದೆ. ಸದ್ದು ಜೋರಾಗಿ ಬರುವ ಹಾಗೆ, ಬೆರಳು ಅಗಲಿಸಿ. ಇನ್ನೊಂದು. ಮತ್ತೊಂದು. ತಮಿಳಿನಲ್ಲಿ ಬಾಯಿಗೆ ಬಂದದ್ದೆಲ್ಲ ಬೈದೆ. ಇವನನ್ನು ನಾನೇ ನೋಡಿಕೊಳ್ಳುತ್ತೇನೆ, ನೀವು ಹೋಗಿ ಅಂದೆ. ಹೆಲ್ಮೆಟ್ಟಿನವನು ಸಪ್ಪಗಾಗಿ ಹೆಲ್ಮೆಟ್ ತಲೆಗೆ ಹಾಕಿಕೊಂಡ. ಜನ ಹೋದರು.

ಹುಡುಗನನ್ನು ಅವನ ಸೀಟಿಗೆ ತಳ್ಳಿದೆ. ಎಂಜಲು ಹಚ್ಚಿ ಕನ್ನಡಿ ಒರೆಸಿದೆ. ತಲೆ ಕಿಟಕಿಗೆ ತಾಗಿಸು ಅಂದೆ. ಅಳುತ್ತಾ ತಾಗಿಸಿದ. ಬಾಗಿಲು ಕಾಣುತ್ತದಾ ಅಂದೆ. ಕಾಣುತ್ತದೆ ಅಂದ. ಇನ್ನೂ ಹೊರಗೆ ತಿರುಗಿಸಿದೆ. ಈಗ? ಒಂದು ನೂಲಿನಷ್ಟು ಕಾಣುತ್ತದೆ ಅಣ್ಣಾ ಅಂದ. ನೆಟ್ಟಗೆ ಕೂರು, ಈಗ? ಕಾಣುವುದಿಲ್ಲ ಅಂದ.

ಹೋಗು ಅಂದೆ. ಕತ್ತು ತಿರುಗಿಸಿ ನೋಡಿ ಹೋದ.

ಬೆರಳಿನಲ್ಲಿ ಗಂಧ ಉಳಿಯಿತು. ಹೇಳಬೇಕಾಗಿದ್ದ ಮನುಷ್ಯ ಇಲ್ಲ. ಇಲ್ಲಿಗೆ ಮುಗಿಯಿತು, ಇನ್ನು ನನ್ನ ಹತ್ತಿರ ಹೇಳಲು ಏನೂ ಇಲ್ಲ.