ನೀರಿನ ರುಚಿ ಬಲ್ಲ ಚಾಚಾ

ಮೊನ್ನೆ ಚಪ್ಪಲಿ ಹೊಲಿಸಲು ಕೂತಿದ್ದಾಗ ನೀರಲ್ಲಿ ನೆನೆಹಾಕಿದ ತೊಗಲಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಹುಮನಾಬಾದಿನ ಪಖಾಲಿ ಚಾಚಾ ನೆನಪಾದರು...

ಎಪ್ಪತ್ತರ ದಶಕ. ನಾನು ಅಲ್ಲಿ ಓವರ್‌ಸೀಯರ್. ಚಾಚಾ ಅರ್ಧ ಆಯುಷ್ಯ ತೊಗಲಿನ ಪಖಾಲಿಯಲ್ಲಿ ಮನೆಮನೆಗೆ ನೀರು ಹೊತ್ತವರು. ನಳ ಬಂದ ಮೇಲೆ ಆ ಕೆಲಸ ಹೋಯಿತು. ನಳ ಬಂದದ್ದರಿಂದಲೇ ಬಚ್ಚಲ ನೀರು ಹೆಚ್ಚಿತು, ಊರೂ ಬೆಳೆಯಿತು. ಗಟಾರದ ನೀರು ತಿಳಿಗೊಳಿಸುವ ಹಳೆಯ ಹೊಂಡ ತುಂಬಿ ರಸ್ತೆಗೆ ಹರಿಯತೊಡಗಿತು. ದೊಡ್ಡ ಹೊಂಡದ ಯೋಜನೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಳತೆಯ ಕೋಲು ಹಿಡಿದು ನಿಲ್ಲುವ ಕೂಲಿ ಚಾಚಾ ಪಾಲಿಗೆ.

ಜಾಗ ಹುಡುಕುವ ಕಷ್ಟವೇ ಬೀಳಲಿಲ್ಲ. ಊರ ಹೊರಗೆ ಕೆಂಪುಕಲ್ಲು ಕಡಿದು ಬಿಟ್ಟ ದೊಡ್ಡ ಖಣಿ ಇತ್ತು. ತೋಡುವ ಖರ್ಚಿಲ್ಲ, ಇಳಿಜಾರೂ ಸರಿ. ನಕ್ಷೆ ಬರೆದು ಮೀಸೆ ತಿರುವಿದೆ. ಆಗಿದ್ದದ್ದೂ ಎಳೆ ಮೀಸೆಯೇ.

ಚಾಚಾ ಕೋಲು ಕೆಳಗಿಟ್ಟು ನಿಂತರು.

“ಸಾಹೇಬ್ರ, ಮಳಿಗಾಲದಾಗ ಈ ಖಣಿ ತುಂಬಿದ ಮೂರ್ನಾಕು ದಿನಕ್ಕ ಕೆಳಗಿನ ಓಣಿ ಬಾವಿ ನೀರಿನ ರುಚಿ ಬದಲಾಗ್ತದರಿ. ಈ ಕಲ್ಲು ನೀರ ಹಿಡಿಯಂಗಿಲ್ರಿ, ಕುಡೀತದ.”

ಆ ಓಣಿಗೆ ಇನ್ನೂ ನಳ ಹೋಗಿರಲಿಲ್ಲ. ಕೂಸುಗಳಿಂದ ಮುದುಕರವರೆಗೆ ಎಲ್ಲರಿಗೂ ಆ ಸೇದುವ ಬಾವಿಯೇ ಗತಿ. ಚಾಚಾ ಹೇಳಿದ್ದು ನಿಜವಾದರೆ ಇಡೀ ಊರಿನ ಹೊಲಸು ಅವರ ಕೊಡಕ್ಕೆ ಬೀಳುತ್ತಿತ್ತು. ನಾನು ನಂಬಲಿಲ್ಲ. ಪರೀಕ್ಷೆ ಮಾಡಿ ನೋಡೋಣವೆಂದು ಅವರೇ ಅಂದರು. ಮಳೆನೀರು ನಿಂತ ಖಣಿಗೆ ಚೀಲಗಟ್ಟಲೆ ಉಪ್ಪು ಸುರಿದೆವು. ನಾಲ್ಕನೆಯ ದಿನ ಬಾವಿಗೆ ಹೋಗಿ ಇಬ್ಬರೂ ಬೊಗಸೆ ಒಡ್ಡಿದೆವು. ನನಗೇನೂ ತಿಳಿಯಲಿಲ್ಲ, ನೀರು ನೀರಿನ ಹಾಗೇ ಇತ್ತು. ಚಾಚಾ ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಉಗುಳಿದರು.

“ಬಂದದರಿ ಉಪ್ಪು. ಮೂವತ್ತು ವರ್ಷ ಈ ಬಾವಿ ನೀರು ಹೊತ್ತೀನಿ. ನನ್ನ ಮಾತು ಬ್ಯಾಡಂದ್ರ ಬ್ಯಾಡ್ರಿ. ಆದ್ರ ಖಣಿಗೆ ಗಟಾರ ಬಿಟ್ಟ ಮ್ಯಾಲ ನಿಮ್ಮ ಮನಿ ಕೂಸಿಗೆ ಈ ನೀರು ಕುಡಿಸ್ತೀರೇನು, ಅಷ್ಟು ಹೇಳ್ರಿ.”

ಮನೆಯಲ್ಲಿ ನನಗೆ ಐದು ತಿಂಗಳ ಮಗಳಿದ್ದಳು.

ಮರುದಿನ ನಕ್ಷೆ ಹರಿದೆ. ಊರಿನ ಇನ್ನೊಂದು ಬದಿಗೆ, ನೀರು ಇಳಿಯಗೊಡದ ಎರೆಮಣ್ಣಿನ ನೆಲದಲ್ಲಿ ಹೊಸ ಹೊಂಡ ಗುರುತಿಸಿದೆ. ಬಿಟ್ಟಿ ಸಿಕ್ಕ ಖಣಿ ಬಿಟ್ಟು ಅಷ್ಟು ದೂರ ಗಟಾರ ಎಳೆಯುವುದೇಕೆಂದು ಮೇಲಿನ ಸಾಹೇಬರು ನನ್ನ ಬೆವರಿಳಿಸಿದರು. ಆ ಕಲ್ಲಲ್ಲಿ ನೀರು ಇಳಿಯುತ್ತದೆ ಎಂದೆ. ಯಾರು ಹೇಳಿದರೆಂದು ಕೇಳಿದರು. ಪಖಾಲಿ ಹೊತ್ತವರ ನಾಲಗೆ ಹೇಳಿತೆಂದರೆ ನಕ್ಕಾರೆಂಬ ನಾಚಿಕೆ ನನಗೆ. ವರದಿಯಲ್ಲಿ ‘ಸ್ಥಳ ಪರಿಶೀಲನೆಯಿಂದ ತಿಳಿದುಬಂದಂತೆ’ ಎಂದು ಬರೆದುಬಿಟ್ಟೆ. ಯೋಜನೆ ಮಂಜೂರಾಯಿತು, ಶಹಬ್ಬಾಸ್ ನನಗೆ ಸಿಕ್ಕಿತು. ಚಾಚಾ ಎಂದಿನಂತೆ ಕೋಲು ಹಿಡಿದು ನಿಂತರು.

ನನಗೆ ಬಸವಕಲ್ಯಾಣಕ್ಕೆ ವರ್ಗವಾಯಿತು. ಹೊಂಡದ ಕೆಲಸ ಮುಗಿಯುವ ಮೊದಲೇ ಅವರು ತೀರಿಕೊಂಡರಂತೆ. ಸುದ್ದಿ ತಡವಾಗಿ ಬಂತು, ಮಣ್ಣಿಗೂ ಹೋಗಲಾಗಲಿಲ್ಲ. ನನ್ನ ಕೈಯಿಂದ ಆಗಲಿದ್ದ ದೊಡ್ಡ ಪಾಪ ತಪ್ಪಿಸಿದ ಪುಣ್ಯಾತ್ಮ ಅವರು. ನೌಕರಿಯುದ್ದಕ್ಕೂ ಮಾಡಿದ ಒಳ್ಳೆಯ ಕೆಲಸ ಯಾವುದೆಂದು ಮೊಮ್ಮಕ್ಕಳು ಕೇಳಿದರೆ ಇದೊಂದನ್ನೇ ಹೇಳುತ್ತೇನೆ, ಅದು ನನ್ನದಲ್ಲವೆಂದೂ ಹೇಳುತ್ತೇನೆ.

ಕಳೆದ ತಿಂಗಳು ಆ ಓಣಿಗೆ ಹೋಗಿದ್ದೆ. ಬಾವಿ ಇದೆ, ಸೇದುವವರೂ ಇದ್ದಾರೆ. ಚಾಚಾ ಮನೆ ಕೇಳಿದರೆ, ಯಾವ ಚಾಚಾ ಎಂದರು. ಹೆಸರು ಹೇಳಿದೆ. ಯಾರಿಗೂ ಗೊತ್ತಿರಲಿಲ್ಲ... ಆ ಹೆಸರು ಉಳಿಯಬಹುದಾಗಿದ್ದ ಕಾಗದ ಆ ವರದಿಯೊಂದೇ, ಅದನ್ನು ಬರೆದವನು ನಾನು.