ನನ್ನ ಕಣ್ಣಿನ ಸಿನಿಮಾ

ಮೊದಲು ತಲೆ ಬಾಚುವಾಗ ಗೊತ್ತಾಯಿತು. ಬಾಚಣಿಗೆ ಬಲಗಡೆ ತಾಗಿದರೆ ಸಾಕು, ಕೆಂಡ ಸವರಿದ ಹಾಗೆ ಉರಿ. ಸೆಕೆಗೆ ಎದ್ದ ಗುಳ್ಳೆ ಇರಬೇಕು ಅಂದುಕೊಂಡೆ. ಬೈಂದೂರಿನ ನನ್ನ ಹೊಲಿಗೆ ಅಂಗಡಿಯಲ್ಲಿ ಮದುವೆಯ ರವಕೆಗಳ ರಾಶಿ ಬಿದ್ದಿತ್ತು. ಹಣೆ ನೋಡಿಕೊಂಡು ಕೂರಲು ಯಾರಿಗೆ ಪುರುಸೊತ್ತು? ಮರುದಿನ ಹಣೆಯ ಮೇಲೆ ನೀರುಗುಳ್ಳೆಗಳು ಸಾಲಾಗಿ ಎದ್ದವು. ಆಮೇಲೆ ಮೂಗಿನ ತುದಿಯಲ್ಲೂ ಒಂದು.

ಸರ್ಪಸುತ್ತು.

ನಮ್ಮ ಕಡೆ ಇದಕ್ಕೆ ಕೆಮ್ಮಣ್ಣಿನಲ್ಲಿ ಬರೆಸುತ್ತಾರೆ. ಗುಳ್ಳೆಗಳ ಸುತ್ತ ಹಾವಿನ ಆಕಾರ ಬರೆದು ಮಂತ್ರ ಹೇಳುವುದು. ಹಾವಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಅನ್ನುವ ಹೆದರಿಕೆ. ಬೆನ್ನಿಗೋ ಸೊಂಟಕ್ಕೋ ಬಂದವರು ಬರೆಸಿಕೊಂಡು, ಗುಣವಾಗಿ, ಆರಾಮಾಗಿ ಓಡಾಡಿಕೊಂಡಿದ್ದಾರೆ. ನಾನೂ ಬರೆಸಬಹುದಲ್ಲ ಅಂದೆ. ಬೇಡ ಅಂದವಳು ಅಮ್ಮ.

"ಕಣ್ಣಿನ್ ಹತ್ರ ಬಂದದ್ದಕ್ಕೆ ಬರ್ಸುದ್ ಬ್ಯಾಡ ಹೆಣೆ. ಆಟೊದವ್ನಿಗ್ ಬಪ್ಪುಕ್ ಹೇಳಿದೆ. ಸೀರೆ ಉಡು, ಕುಂದಾಪ್ರಕ್ ಹೋಪ."

ಆಟೊ ಬಂತು ಕೂಡ. ಬಿಜೂರಿನ ನಮ್ಮ ಮನೆಯ ಮುಂದೆ ನಿಂತು ಹಾರ್ನ್ ಹೊಡೆಯಿತು. ಹೊರಗೆ ಹೋಗಿ ಅದನ್ನು ವಾಪಸು ಕಳಿಸಿದವನು ನನ್ನ ತಮ್ಮ ರಾಜೀವ.

ರಾಜೀವ ಸಿನಿಮಾ ನಿರ್ದೇಶಕ. ಅವನ ಸಿನಿಮಾಗಳಲ್ಲಿ ಯಾರೂ ನಗುವುದಿಲ್ಲ. ನಕ್ಕರೆ ಇಂಟರ್ವಲ್ಲಿನೊಳಗೆ ಸಾಯುತ್ತಾರೆ ಎಂದು ನಾನು ತಮಾಷೆ ಮಾಡುವುದಿತ್ತು. ಅವನ ಮೊದಲ ಸಿನಿಮಾ ನಮ್ಮ ಅಪ್ಪನದು. ಅಪ್ಪ ಮುಂಬೈಯ ಹೋಟೆಲಿನಲ್ಲಿ ದುಡಿದು, ಲಿವರ್ ಹಾಳು ಮಾಡಿಕೊಂಡು ಊರಿಗೆ ಬಂದು, ಒಳಕೋಣೆಯಲ್ಲಿ ಮಲಗಿ ತೀರಿಕೊಂಡರು. ಆಗ ರಾಜೀವ ಚಿಕ್ಕವನು. ಆ ಕೋಣೆಯ ಬಾಗಿಲಲ್ಲೇ ಕೂತಿರುತ್ತಿದ್ದ. ಅವನು ಕಂಡದ್ದೆಲ್ಲ ಆ ಸಿನಿಮಾದಲ್ಲಿತ್ತು. ಕೆಮ್ಮು, ಬಕೆಟು, ಅಪ್ಪನ ಸಿಟ್ಟು. ನೋಡಿ ನಾನು ಬಿಕ್ಕಿಬಿಕ್ಕಿ ಅತ್ತಿದ್ದೆ. ಒಂದು ಸುಳ್ಳೂ ಇರಲಿಲ್ಲ ಅದರಲ್ಲಿ. ನಮ್ಮ ಮನೆಯ ಸಂಕಟ ಒಬ್ಬನ ಕೈಯಲ್ಲಿ ಇಷ್ಟು ದೊಡ್ಡದಾಗಬಹುದಾ ಎಂದು ಹೆಮ್ಮೆಯೂ ಆಗಿತ್ತು, ಸುಳ್ಳೇಕೆ ಹೇಳಲಿ.

ಈಗ ಅವನು ಹೊಸ ಕಥೆ ಹುಡುಕಿಕೊಂಡು ಊರಿಗೆ ಬಂದಿದ್ದ. ಕ್ಯಾಮೆರಾದವನೂ ಜೊತೆಗಿದ್ದ. ನನ್ನ ಹಣೆ ನೋಡಿದ ಕೂಡಲೇ ಅವನ ಮುಖ ಬದಲಾಯಿತು. ಗಾಬರಿಯಾಗಿದೆ ಎಂದೇ ನಾನು ತಿಳಿದೆ.

"ಅಕ್ಕ, ಸರ್ಪಸುತ್ತ್ ಬರೆವರ್ ಈಗ ಎಷ್ಟ್ ಜನ ಇದ್ರ್? ಒಂದ್ ಸಲ ಬರ್ಸುವ. ಶೂಟ್ ಮಾಡ್ಕಂತೆ. ನಾಳಿಗ್ ನಾನೇ ಆಸ್ಪತ್ರಿಗ್ ಕರ್ಕಂಡ್ ಹೋತೆ."

ಅಮ್ಮ ರೇಗಿದಳು. "ನಿಂಗ್ ತಲೆ ಸಮ ಇತ್ತಾ?" ಎಂದು ಕೇಳಿದಳು. ಅವನು ಅವಳ ಭುಜ ಹಿಡಿದು ನಕ್ಕು, ಒಂದು ದಿನದಲ್ಲಿ ಏನೂ ಆಗುವುದಿಲ್ಲ ಅಂದ. ಓದಿದವನು, ನಾಲ್ಕು ಊರು ಕಂಡವನು. ನಾನೂ ನಂಬಿದೆ.

ಬರೆಯುವವರು ಬಂದರು, ಬರೆದರು. ಅಷ್ಟರಲ್ಲಿ ಮೋಡ ಕವಿಯಿತು. ಬೆಳಕು ಸಾಲದು, ನಾಳೆ ಇನ್ನೊಮ್ಮೆ ಬರೆಸುವ ಅಂದ ರಾಜೀವ. ಮರುದಿನ ಅವನಿಗೆ ನನ್ನ ಮುಖ ಹತ್ತಿರದಿಂದ ಬೇಕಾಯಿತು. "ಅಕ್ಕ, ಮಣ್ಣ್ ತೊಳಿಬ್ಯಾಡ, ನಿನ್ನೆ ತೆಗ್ದದ್ಕೆ ಹೊಂದುದಿಲ್ಲೆ, ಕಂಟಿನ್ಯುಟಿ ಹೋತ್ತ್" ಅಂದ. ಕಣ್ಣು ಊದಿ ಮುಚ್ಚಿತ್ತು. ಒಳಗೆ ಮೆಣಸು ಅರೆದು ಹಾಕಿದ ಹಾಗೆ ಉರಿ. ನಾನು ನರಳಿದೆ. ಕ್ಯಾಮೆರಾ ಓಡುತ್ತಿತ್ತು. ಕೊನೆಗೆ ಅಮ್ಮ ಕ್ಯಾಮೆರಾದ ಎದುರಿಗೇ ಬಂದು ನನ್ನ ಕೈ ಹಿಡಿದು ಎಬ್ಬಿಸಿದಳು. ರಸ್ತೆಗೆ ಕರೆದುಕೊಂಡು ಹೋಗಿ, ಸಿಕ್ಕಿದ ಬಸ್ಸು ಹತ್ತಿಸಿದಳು. ರಾಜೀವ ಕಾರಿನಲ್ಲಿ ಹಿಂದಿನಿಂದ ಬಂದ.

ಕುಂದಾಪುರದ ಕಣ್ಣಿನ ಡಾಕ್ಟರು ಟಾರ್ಚು ಹಿಡಿದು ನೋಡಿದರು. ಸರ್ಪಸುತ್ತಿಗೆ ಹರ್ಪಿಸ್ ಜೋಸ್ಟರ್ ಅಂದರು. ಕಣ್ಣುಗುಡ್ಡೆಯ ಮೇಲಿನ ಕಾರ್ನಿಯಾಕ್ಕೆ ಇಳಿದಿದೆ ಅಂದರು.

"ಮೂಗಿನ ತುದಿಗೆ ಗುಳ್ಳೆ ಬಂದ ದಿನವೇ ಬರಬೇಕಿತ್ತಮ್ಮ. ಯಾಕೆ ತಡ ಮಾಡಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ರಾಜೀವ ಹೇಳಿದ: "ಅಮ್ಮನಿಗೆ ಇದರಲ್ಲೆಲ್ಲ ಸ್ವಲ್ಪ ನಂಬಿಕೆ ಜಾಸ್ತಿ, ಸರ್."

ಅಮ್ಮ ಹೊರಗಿನ ಬೆಂಚಿನಲ್ಲಿ ನನ್ನ ಚಪ್ಪಲಿ ಕಾಯುತ್ತಾ ಕೂತಿದ್ದಳು. ಅವಳಿಗೆ ಕೇಳಿಸಲಿಲ್ಲ.

ಮಾತ್ರೆ, ಡ್ರಾಪ್ಸು, ಇಂಜೆಕ್ಷನ್ನು, ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಅಡ್ಮಿಷನ್ನು. ಗುಳ್ಳೆ ಒಣಗಿದವು. ಉರಿ ಹೋಗಲಿಲ್ಲ, ನರಕ್ಕೆ ಪೆಟ್ಟಾಗಿದೆಯಂತೆ, ಗಾಳಿ ಬೀಸಿದರೂ ಹಣೆ ಸಿಡಿಯುತ್ತದೆ. ಬಲಗಣ್ಣಿನ ಮೇಲೆ ಬಿಳಿ ಪೊರೆಯಂಥ ಕಲೆ ಉಳಿಯಿತು. ಹಗಲೋ ರಾತ್ರಿಯೋ, ಅಷ್ಟು ಮಾತ್ರ ತಿಳಿಯುತ್ತದೆ. ಚಾ ಹೊಯ್ದರೆ ಲೋಟದ ಆಚೆ ಬೀಳುತ್ತದೆ. ಮೆಟ್ಟಿಲು ಎಲ್ಲಿ ಮುಗಿಯುತ್ತದೆಂದು ಕಾಲಿನಿಂದ ತಡಕಬೇಕು. ಸೂಜಿಗೆ ನೂಲು ಏರಿಸಿಕೊಡಲು ಅಮ್ಮ ಅಂಗಡಿಗೇ ಬರತೊಡಗಿದಳು. ಅವಳ ಕೈ ನಡುಗುತ್ತದೆ, ನನಗೆ ಕಾಣುವುದಿಲ್ಲ; ಇಬ್ಬರೂ ಸೇರಿ ಒಂದು ಸೂಜಿಯ ಜೊತೆ ಗುದ್ದಾಡುತ್ತಿದ್ದೆವು. ಒಮ್ಮೊಮ್ಮೆ ನಗುವೂ ಬರುತ್ತಿತ್ತು.

ಸಿನಿಮಾ ಬಂತು.

ಅದರಲ್ಲಿ ಒಬ್ಬ ತಾಯಿ. ಮಗಳು ಕಿರುಚುತ್ತಿದ್ದರೂ ತಲೆಯನ್ನು ಗೋಡೆಗೆ ಒತ್ತಿ ಹಿಡಿದು ಮಣ್ಣು ಮೆತ್ತುತ್ತಾಳೆ. ಆಸ್ಪತ್ರೆ ಅಂದವರ ಮೇಲೆ ಉಗುಳುತ್ತಾಳೆ. ತಮ್ಮನೊಬ್ಬ ಇದ್ದಾನೆ, ಸುರಿಯುವ ಮಳೆಯಲ್ಲಿ ಅಕ್ಕನನ್ನು ಹೊತ್ತುಕೊಂಡು ಓಡುತ್ತಾನೆ. ಅಬ್ಬಾ, ಏನು ಓಟ! ಜನ ಚಪ್ಪಾಳೆ ತಟ್ಟಿದರು. ನಿಮ್ಮ ಸಿನಿಮಾಗಳಲ್ಲಿ ಇಷ್ಟೊಂದು ಕತ್ತಲು ಎಲ್ಲಿಂದ ಬರುತ್ತದೆ ಎಂದು ಟೀವಿಯವರು ಕೇಳಿದರು. "ನಮ್ಮ ಮನೆಯಿಂದ" ಅಂದ ನನ್ನ ತಮ್ಮ. "ಸ್ವಂತ ಅಕ್ಕ ಕಣ್ಣು ಕಳೆದುಕೊಳ್ಳುವುದನ್ನು ನೋಡಿದವನು ನಾನು."

ನೋಡಿದ್ದು ಹೌದು. ಕ್ಯಾಮೆರಾದ ಹಿಂದೆ ನಿಂತು.

ಅಮ್ಮ ಕುಂದಾಪುರದ ಥಿಯೇಟರಿನಲ್ಲಿ ನನ್ನ ಪಕ್ಕ ಕೂತು ನೋಡಿದಳು. "ಎಂಥಾ ಹೆಂಗ್ಸ್ ಮಾರಾಯ್ತಿ, ಸ್ವಂತ ಮಗ್ಳಿಗ್" ಅಂದಳು. ತಾನೇ ಎಂದು ಅವಳಿಗೆ ಹೊಳೆಯಲಿಲ್ಲ. ಊರಿನವರಿಗೆ ಹೊಳೆಯಿತು. ರವಕೆ ಕೊಡಲು ಬಂದವಳೊಬ್ಬಳು ಅಮ್ಮನೆದುರೇ, "ಹೋಯ್ಲಿ ಬಿಡಿ, ನಿಮ್ಗ್ ಗೊತ್ತಾಯ್ಲಿಲ್ಲೆ, ಹಳೇ ಕಾಲ್ದರ್" ಎಂದು ಸಮಾಧಾನ ಹೇಳಿದಳು. ಅಮ್ಮ ನೂಲಿನುಂಡೆ ಕೆಳಗಿಟ್ಟಳು. ಮರುದಿನದಿಂದ ಅಂಗಡಿಗೆ ಬರುವುದು ನಿಲ್ಲಿಸಿದಳು. ಪೇಟೆಗೂ ಇಲ್ಲ, ನೆಂಟರ ಮನೆಗೂ ಇಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ರಾಜೀವನಿಗೆ ಫೋನ್ ಮಾಡಿದೆ.

"ಅಕ್ಕ, ಅದು ಫಿಕ್ಷನ್" ಅಂದ.

"ಟೀವಿಲಿ ಸ್ವಂತ ಅಕ್ಕ ಅಂದದ್ ಎಂತಕ್ ಹಂಗಾರೆ? ನನ್ ಕಣ್ಣ್ ತಕೊ ಮಾರಾಯ, ಹೋಯ್ತ್ ಅದ್. ಅಮ್ಮನ್ ಹೆಸ್ರ್ ವಾಪಸ್ ಕೊಡ್. ಬಂದ್ ಅವ್ಳೆದ್ರ್ ಹೇಳ್, ಮತ್ತೆ ಊರೆದ್ರ್ ಹೇಳ್."

ಬಂದ. ಅಷ್ಟು ಮರ್ಯಾದೆ ಉಳಿದಿತ್ತು. ಅಮ್ಮ ಅಡುಗೆಮನೆಯಲ್ಲಿ ಬಸಳೆ ಕೊಯ್ಯುತ್ತಿದ್ದಳು. ಅವನು ಅವಳ ಎದುರು ನೆಲದ ಮೇಲೆ ಕೂತ. ಆಟೊ ತಿರುಗಿಸಿದ್ದು ನಾನು, ಮಣ್ಣು ತೊಳೆಯಲು ಬಿಡದಿದ್ದದ್ದು ನಾನು, ಎಲ್ಲರ ಹತ್ತಿರವೂ ಹೇಳುತ್ತೇನೆ ಅಂದ. ಅವನ ಧ್ವನಿ ಒಡೆದಿತ್ತು. ನಾಟಕ ಆಗಿರಲಿಲ್ಲ, ನನಗೆ ಗೊತ್ತು.

ಅಮ್ಮ ತಲೆ ಎತ್ತಲಿಲ್ಲ.

"ಹಾಂಗೆಲ್ಲ ಹೇಳ್ಬ್ಯಾಡ ಮಗಾ. ನಿಂಗ್ ನೆನ್ಪಿಲ್ಲೆ. ಬರ್ಸದ್ದ್ ನಾನೇ. ಯಾರ್ ಕೇಳಿರೂ ನಾನೇ ಅಂದೇ ಹೇಳ್ತೆ. ಉಂಡ್ಕಂಡ್ ಹೋಗ್."

ಅವನು ಉಂಡ. ಎರಡನೇ ಸಲ ಅನ್ನ ಹಾಕಿಸಿಕೊಂಡ. ಅವನ ಮುಖ ಹಗುರಾಗುತ್ತಾ ಬಂದದ್ದನ್ನು ನಾನು ಉಳಿದ ಕಣ್ಣಿನಿಂದ ನೋಡಿದೆ. ಊರಿಗೆ ಹೇಳುವ ಮಾತನ್ನು ಮತ್ತೆ ಎತ್ತಲಿಲ್ಲ. ಹೋಗುವಾಗ ಅಮ್ಮನ ಕಾಲು ಮುಟ್ಟಿದ.

ಎಡಗಣ್ಣಿಗೆ ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಉರಿಯ ಮಾತ್ರೆ ಕಡಿಮೆ ಮಾಡಿದ್ದಾರೆ. ದೇವರು ಇಷ್ಟಾದರೂ ಬಿಟ್ಟ ಅನ್ನಬೇಕು, ಅನ್ನುತ್ತೇನೆ. ಹೊಲಿಗೆ ಮತ್ತೆ ಕೈಗೆ ಕೂತಿದೆ.

ಆ ದಿನ ಅವನ ಕಾರು ಹೋದ ಮೇಲೆ ಅಮ್ಮ ನನ್ನನ್ನು ಮಲಗಿಸಿ ಕಣ್ಣಿಗೆ ಡ್ರಾಪ್ಸು ಬಿಟ್ಟಳು. ಒಂದು ಹನಿ ಕೆನ್ನೆಗೆ ಬಿತ್ತು, ಸೆರಗಿನಿಂದ ಒರೆಸಿದಳು.

"ಸಿಟ್ ಮಾಡ್ಕಂಬ್ಯಾಡ ಹೆಣೆ. ಈ ಪ್ರಾಯದಗ್ ನಂಗ್ ಹೆಸ್ರ್ ಎಂತಕ್?"

"ನಂಗ್ ಬೇಕ್" ಅಂದೆ.