ಬ್ರೇಕ್ ಮೇಷ್ಟ್ರು ಲ್ಯಾಪ್‌ಟಾಪ್ ಕೊಂಡದ್ದು

ಬ್ರೇಕ್ ಮೇಷ್ಟ್ರ ಬಲಗಾಲು ಅವರ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟೇ ಅರ್ಧ ಆಯಸ್ಸು ಕಳೆದ ಮನುಷ್ಯ. ಬಸ್ಸಿನಲ್ಲಿ ಕೂತರೆ ಮುಂದಿನವರ ಚೀಲ ತುಳಿಯುತ್ತಾರೆ. ಟೀವಿಯಲ್ಲಿ ಯಾರಾದರೂ ಜೀಪು ಓಡಿಸಿದರೆ ಟೀಪಾಯಿ ಒದೆಯುತ್ತಾರೆ. ನಿದ್ದೆಯಲ್ಲಿ ಹೆಂಡತಿಯ ಮೊಣಕಾಲಿಗೆ ಒದೆ ಬಿದ್ದದ್ದೂ ಉಂಟು.

ಹೊಸದಾಗಿ ಕಲಿಯಲು ಬಂದವರಿಗೆ ಅವರು ಹೇಳುವ ಮೊದಲ ಮಾತು, "ಗಾಡಿ ನಿಮ್ಮದೇ ಅಂದ್ಕೊಳ್ಳಿ. ಧೈರ್ಯವಾಗಿ ಓಡಿಸಿ." ಗಾಡಿ ಒಂದು ಮಾರು ಹೋಗುವಷ್ಟರಲ್ಲಿ ಗಕ್ಕನೆ ನಿಲ್ಲುತ್ತದೆ. ಕುರ್ಚಿ ಹಿಡಿದವರೆಲ್ಲ ಇದೇ ಜಾತಿ. ಸ್ಟಿಯರಿಂಗ್ ನಿಮ್ಮ ಕೈಗೆ ಕೊಟ್ಟಿದ್ದೇವೆ ಎಂದು ಭಾಷಣ ಬಿಗಿಯುತ್ತಾರೆ, ಬ್ರೇಕನ್ನು ಮಾತ್ರ ತಮ್ಮ ಕಾಲಡಿಯಲ್ಲೇ ಇಟ್ಟುಕೊಳ್ಳುತ್ತಾರೆ. ಮೇಷ್ಟ್ರಿಗೆ ಸ್ವಲ್ಪ ರಿಯಾಯಿತಿ ಕೊಡೋಣ. ಅವರ ಬ್ರೇಕಿನ ದೆಸೆಯಿಂದ ಊರಿನ ಎಷ್ಟೋ ಕಂಬ, ಗೋಡೆ, ಬೀದಿನಾಯಿಗಳು ಬದುಕಿಕೊಂಡಿವೆ.

ಇಂಥವರ ಮಗಳಿಗೆ ಲ್ಯಾಪ್‌ಟಾಪ್ ಬೇಕಾಯಿತು. ಹುಡುಗಿ ಏಳನೇ ತರಗತಿ. ಶಾಲೆಯವರು ಹೋಮ್‌ವರ್ಕನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಕೈ ತೊಳೆದುಕೊಂಡಿದ್ದರು. ಅಲ್ಲಿಯವರೆಗೆ ಅಮ್ಮನ ಫೋನಿನಲ್ಲೇ, ಒಡೆದ ಗಾಜಿನ ಗೆರೆಗಳ ನಡುವೆ ಇಣುಕಿ ಇಣುಕಿ ಕೆಲಸ ಸಾಗಿತ್ತು. ಅಮ್ಮ ಹಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಕೂಗುವವಳು. ಹಗಲೆಲ್ಲ ಮುಖ ಊದಿದವರನ್ನೇ ನೋಡಿ ಬರುವ ಅವಳಿಗೆ ಸಂಜೆ ತಂಗಿಯ ಹತ್ತಿರ ನಾಲ್ಕು ಮಾತಾಡುವ ಆಸೆ. ಫೋನು ನೋಡಿದರೆ ಮಗಳ ಕೈಯಲ್ಲಿ.

"ರೀ, ಒಂದೋ ಇವಳಿಗೆ ಲ್ಯಾಪ್‌ಟಾಪ್ ತಗೊಡಿ, ಇಲ್ಲಾ ನನ್ನ ತಂಗೀನ ತಂದು ಪಕ್ಕದ ಮನೇಲಿ ಇಡಿ," ಎಂದಳು.

ನಾದಿನಿಯನ್ನು ಪಕ್ಕದ ಮನೆಯಲ್ಲಿ ಊಹಿಸಿಕೊಂಡ ಮೇಷ್ಟ್ರು ತಕ್ಷಣ ಒಪ್ಪಿದರು. "ಆದ್ರೆ ಓದೋಕೆ ಮಾತ್ರ. ಆಟ ಗೀಟ ಓಡಬಾರದು. ಅಂಥದ್ದೇ ನೋಡಿ ತರ್ತೀನಿ."

"ಆಟ ಓಡದೇ ಇರೋದು ಹೋಮ್‌ವರ್ಕ್ ಹೊತ್ತಿಗೂ ತೆವಳುತ್ತೆ ಅಪ್ಪ," ಎಂದಳು ಮಗಳು. "ನನಗೆ ಎರಡೂ ಬೇಕು. ಮೊದಲು ಹೋಮ್‌ವರ್ಕು, ಆಮೇಲೆ ಆಟ."

"ಆಮೇಲೆ ನಿದ್ದೆ," ಎಂದರು ಮೇಷ್ಟ್ರು.

ಹೀಗೆ ಮಾತುಕತೆ ಮುರಿದುಬಿದ್ದ ಸ್ಥಿತಿಯಲ್ಲೇ ಅಪ್ಪ ಮಗಳು ಅಂಗಡಿಗೆ ಹೊರಟರು. ಹೊಸದು, ಹಳೆಯದು ಎರಡನ್ನೂ ಮಾರುವ ಅಂಗಡಿ. ಇಟ್ಟುಕೊಂಡವನು ಮೇಷ್ಟ್ರ ಹತ್ತಿರವೇ ಕಾರು ಕಲಿತವನು. ಅವನ ಕತ್ತಿಗೆ ಆ ಕಾಲದ ಬ್ರೇಕುಗಳ ನೆನಪು ಇನ್ನೂ ಇತ್ತು.

"ಬನ್ನಿ ಮೇಷ್ಟ್ರೇ! ಕಾಲು ಹೇಗಿದೆ?"

"ಕಾಲಿಗೇನು, ಚೆನ್ನಾಗಿದೆ. ಜೇಬಿಗೆ ಭಾರ ಆಗದ್ದು ತೋರಿಸು."

ಅವನು ಮೂರನ್ನು ಮೇಜಿನ ಮೇಲಿಟ್ಟ. ಮೊದಲನೆಯದು ಅದುಮಿದರೆ ಮುರಿಯುವಷ್ಟು ತೆಳ್ಳಗೆ, ಬೆಳ್ಳಿಯ ಬಣ್ಣ. ಎರಡನೆಯದರ ಕೀಲಿಗಳ ಕೆಳಗೆ ಕೆಂಪು, ಹಸಿರು, ನೀಲಿ ದೀಪಗಳು ಓಡಾಡುತ್ತಿದ್ದವು. ಮೂರನೆಯದು ಯಾವುದೋ ಆಫೀಸಿನಲ್ಲಿ ದುಡಿದು ಬಂದದ್ದು. ಕಪ್ಪಗೆ, ದಪ್ಪಗೆ, ಮೂಲೆಗಳಲ್ಲಿ ಸವೆದು ಕೂತಿತ್ತು.

ಮೇಷ್ಟ್ರು ಕೆಲಸಕ್ಕೆ ಇಳಿದರು. ಒಂದೊಂದರ ಮುಚ್ಚಳವನ್ನೂ ಬಾನೆಟ್ ಎತ್ತಿದ ಹಾಗೆ ಎತ್ತಿದರು, ಮಗುಚಿ ಹಾಕಿ ಎಣ್ಣೆ ಸೋರಿದೆಯೇ ಎಂದು ನೋಡಿದರು. ಫ್ಯಾನಿಗೆ ಕಿವಿಗೊಟ್ಟು ಕಣ್ಣು ಮುಚ್ಚಿದರು. "ಇದು ಎಷ್ಟು ಓಡಿದೆ? ಒಬ್ಬರೇ ಓಡಿಸಿದ್ದಾ?" ಎಂದು ಕಪ್ಪನೆಯದರ ಬೆನ್ನು ಸವರಿದರು.

"ಒಬ್ಬರೇ ಮೇಷ್ಟ್ರೇ. ತುಂಬಾ ನಿಧಾನಸ್ಥರು," ಎಂದ ಅಂಗಡಿಯವನು ನಗು ನುಂಗಿಕೊಂಡು. ಆಮೇಲೆ ಮಗಳ ಕಡೆ ತಿರುಗಿ ಕೆಲಸದ ಮಾತು ಹೇಳಿದ. "ಈ ತೆಳ್ಳಗಿರೋದರಲ್ಲಿ ಮೆಮೊರಿ ಕಮ್ಮಿ. ಮುಂದೆ ಹಾಕಿಸೋಣ ಅಂದ್ರೂ ಆಗಲ್ಲ, ಬೆಸುಗೆ ಹಾಕಿಬಿಟ್ಟಿದ್ದಾರೆ. ದೀಪದ್ದು ಜೋರು, ಆದ್ರೆ ರೇಟು ಅಪ್ಪನ ಬಿಪಿ ಏರಿಸುತ್ತೆ. ಈ ಕಪ್ಪಂದು ನೋಡು. ಬ್ಯಾಟರಿ ಹೊಸದು, ಡಿಸ್ಕ್ ಹೊಸದು, ಮೆಮೊರಿಗೆ ಇನ್ನೊಂದು ಖಾಲಿ ಜಾಗ ಇದೆ. ಶಾಲೆ ಕೆಲಸ ನೀರು ಕುಡಿದ ಹಾಗೆ ಮಾಡುತ್ತೆ. ಆಟ ಅಂದ್ರೆ, ಭಾರೀ ಆಟ ಬೇಡ. ಸಣ್ಣಪುಟ್ಟದ್ದು ಆರಾಮಾಗಿ..."

"ಅದನ್ನ ಯಾರೂ ಕೇಳಲಿಲ್ಲ," ಎಂದರು ಮೇಷ್ಟ್ರು.

ಹುಡುಗಿ ಕಪ್ಪನೆಯದರ ಕೀಲಿಗಳನ್ನೆಲ್ಲ ಒತ್ತಿ ನೋಡಿದಳು. ಪರದೆಯನ್ನು ಹಿಂದಕ್ಕೆ ಮುಂದಕ್ಕೆ ಬಾಗಿಸಿದಳು. "ಇದೇ ಇರಲಿ ಅಪ್ಪ" ಎಂದಳು. ಮೇಷ್ಟ್ರಿಗೂ ಅದೇ ಹಿಡಿಸಿತ್ತು, ಲಾರಿಯ ಹಾಗೆ ಗಟ್ಟಿಮುಟ್ಟಾಗಿದೆ ಎಂಬ ಕಾರಣಕ್ಕೆ. ಆದರೂ ಏನೋ ಕೊರತೆ ಕಾಡಿತು. ಮೇಜಿನ ಕೆಳಗೆ ಬಗ್ಗಿ ನೋಡಿ ಎದ್ದರು.

"ಇದಕ್ಕೆ ನನ್ನ ಕಡೆಗೆ ಒಂದು ಬ್ರೇಕ್ ಬೇಕಲ್ಲಯ್ಯ?"

ಅಂಗಡಿಯವನ ಮುಖ ಅರಳಿತು. ಹಳೆಯ ಕತ್ತುನೋವಿಗೆಲ್ಲ ಒಟ್ಟಿಗೆ ಮುಲಾಮು ಸಿಕ್ಕಂತಾಯಿತು. "ಇದೆ ಮೇಷ್ಟ್ರೇ," ಎನ್ನುತ್ತ ಎರಡು ಮೌಸ್ ತಂದು ಎರಡನ್ನೂ ಜೋಡಿಸಿದ. ಪರದೆಯ ಮೇಲಿನ ಬಾಣ ಒಂದೇ, ಹಿಡಿಯುವ ಕೈ ಎರಡು. "ಮಗಳು ಆ ಕಡೆ ಹಿಡೀಲಿ, ನೀವು ಈ ಕಡೆ. ಹದ್ದು ಮೀರಿದ್ಳು ಅನ್ಸಿದ್ರೆ ಮೂಲೇಲಿರೋ ಈ ಗುಣಿಸೋ ಗುರುತು ಒತ್ತಿ. ಅಲ್ಲೇ ಬಂದ್!"

ಮೇಷ್ಟ್ರು ಒತ್ತಿದರು. ಬಂದ್ ಆಯಿತು. ತೆರೆಸಿದರು, ಮತ್ತೆ ಒತ್ತಿದರು. ಹುಡುಗಿ ಅಂಗಡಿಯವನನ್ನು ದುರುಗುಟ್ಟಿ ನೋಡಿದಳು. ಅವನು ಬಿಲ್ ಬರೆಯುವವನ ಹಾಗೆ ತಲೆ ತಗ್ಗಿಸಿದ. "ಸರಿಹೋಗಲಿಲ್ಲ ಅಂದ್ರೆ ಈ ತಿಂಗಳೊಳಗೆ ವಾಪಸ್ ತನ್ನಿ" ಎಂದೂ ಸೇರಿಸಿದ.

"ಕೇಳಿಸ್ಕೊಂಡೆಯಾ?" ಎಂದರು ಮೇಷ್ಟ್ರು ಮಗಳಿಗೆ. "ಒಂದು ಹೋಮ್‌ವರ್ಕ್ ತಪ್ಪಿದ್ರೂ ವಾಪಸ್. ಆಮೇಲೆ ಅತ್ತು ಕರೆದು ಮಾಡೋ ಹಾಗಿಲ್ಲ."

ಮರುದಿನದಿಂದ ಊಟದ ಮೇಜೇ ಡ್ರೈವಿಂಗ್ ಶಾಲೆ. ಮಗಳು ನಡುವೆ, ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿ, ಬೆರಳು ಮೌಸಿನ ಮೇಲೆ. ಆ ವಾರ ವಿಜ್ಞಾನದವರು ಕೊಟ್ಟ ಕೆಲಸ ಹೀಗಿತ್ತು: ಪರದೆಯ ಮೇಲೆ ಒಂದು ಇಳಿಜಾರು, ತುದಿಯಲ್ಲಿ ಪುಟ್ಟ ಗಾಡಿ. ಅದನ್ನು ಬಿಡಬೇಕು. ತಳ ಮುಟ್ಟಿದಾಗ ವೇಗ ಎಷ್ಟೆಂದು ತೋರಿಸುತ್ತದೆ, ಅದನ್ನು ಬರೆದು ಕಳಿಸಬೇಕು.

ಹುಡುಗಿ ಗಾಡಿ ಬಿಟ್ಟಳು. ಗಾಡಿ ಜರ್ರನೆ ಇಳಿಯಿತು. ಮೇಷ್ಟ್ರ ಕಾಲು ನೆಲ ಒದೆಯಿತು, ಬೆರಳು ಗುಣಿಸುವ ಗುರುತು ಒತ್ತಿತು. ಬಂದ್.

"ಅಪ್ಪಾ! ಹೋಮ್‌ವರ್ಕ್ ಅದು!"

"ಯಾರಿಗೆ ಕಿವಿ ಮೇಲೆ ಹೂ ಇಡ್ತೀಯ? ಡ್ರೈವರ್ ಇಲ್ಲ, ಬ್ರೇಕ್ ಇಲ್ಲ, ಇಳಿಜಾರಲ್ಲಿ ಗಾಡಿ ಬಿಡೋದು ಯಾವ ಸೀಮೆ ಹೋಮ್‌ವರ್ಕೇ?"

ಮತ್ತೆ ತೆರೆದಳು. ಗಾಡಿ ಅರ್ಧ ದಾರಿ ಇಳಿಯುವಷ್ಟರಲ್ಲಿ ಮತ್ತೆ ಬಂದ್. ಹುಡುಗಿ ಅಪ್ಪನ ಮುಖ ನೋಡಿದಳು, ಮೌಸ್ ನೋಡಿದಳು, ಸ್ವಲ್ಪ ಹೊತ್ತು ಉಗುರು ಕಚ್ಚಿದಳು. ಆಮೇಲೆ ಬೇರೊಂದನ್ನು ತೆರೆದಳು. ಚೌಕ ಚೌಕ ಕಲ್ಲುಗಳು. ಒಂದರ ಮೇಲೊಂದು ಇಟ್ಟು ಮನೆ ಕಟ್ಟುವುದು. ಎಲ್ಲವೂ ಇರುವೆ ನಡಿಗೆ.

"ಇದೇನು?" ಎಂದರು ಮೇಷ್ಟ್ರು ಅನುಮಾನದಿಂದ.

"ಉದ್ದ, ಅಗಲ, ಎತ್ತರ."

"ಹ್ಞಾಂ, ಇದು ಗಣಿತ! ಇದನ್ನ ಮಾಡು," ಎಂದು ಬೆನ್ನು ತಟ್ಟಿದರು.

ಮೇಷ್ಟ್ರಿಗೆ ಆ ಗಣಿತ ಬಹಳ ಹಿಡಿಸಿತು. ಮೊದಮೊದಲು ನೋಡುತ್ತಿದ್ದವರು ಮೂಗು ತೂರಿಸಲು ಶುರುಮಾಡಿದರು. ಬಾಗಿಲು ಗಾಳಿಯ ದಿಕ್ಕಿಗಿಲ್ಲ ಎಂದರು, ಮೆಟ್ಟಿಲು ಕಡಿದಾಯಿತು ಎಂದರು. ಕಾರು ನಿಲ್ಲಿಸಲು ಜಾಗ ಬಿಡಿಸಿದರು. ಒಂದು ಸಂಜೆಯಂತೂ ಟೀ ತಣ್ಣಗಾದರೂ ಏಳದೆ ತಾವೇ ತಮ್ಮ ಮೌಸಿನಿಂದ ಕಾಂಪೌಂಡ್ ಗೋಡೆ ಎತ್ತಿದರು. "ನಮ್ಮ ಕಾಲದಲ್ಲಿ ಗಣಿತ ಹೀಗಿದ್ದಿದ್ರೆ ನಾನು ಎಲ್ಲೋ ಇರ್ತಿದ್ದೆ," ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸಿದರು. ಗಾಡಿಯ ಹೋಮ್‌ವರ್ಕನ್ನು ಹುಡುಗಿ ಆಗಾಗ ತೆರೆಯುತ್ತಿದ್ದಳು. ಅಷ್ಟೇ ನಿಷ್ಠೆಯಿಂದ ಮೇಷ್ಟ್ರು ಮುಚ್ಚುತ್ತಿದ್ದರು.

ವಾರದ ಕೊನೆಗೆ ಅಮ್ಮನ ಫೋನಿಗೆ ಶಾಲೆಯಿಂದ ಸುದ್ದಿ ಬಂತು. ವಿಜ್ಞಾನದ ಕೆಲಸ ಬಂದಿಲ್ಲ, ಇವತ್ತೇ ಕೊನೆಯ ದಿನ.

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ನೋಡಿದ್ಯಾ! ಇಷ್ಟು ಕಾವಲು ಇದ್ರೂ ಬಾಲ ಬಿಚ್ಚಿದಾಳೆ. ಎಲ್ಲಿ ಆ ಚೀಲ? ಈಗಲೇ ವಾಪಸ್."

ಹುಡುಗಿ ಲ್ಯಾಪ್‌ಟಾಪನ್ನು ಎರಡೂ ತೋಳಿನಿಂದ ಅಪ್ಪಿ ಹಿಡಿದಳು. "ಅಮ್ಮಾ, ಹೋಮ್‌ವರ್ಕ್ ನಾನು ತೆರೆದಾಗೆಲ್ಲ ಅಪ್ಪ ಮುಚ್ಚಿದ್ದಾರೆ. ಬೇಕಾದ್ರೆ ನೀನೇ ಕೂತು ನೋಡು."

ಅಮ್ಮ ಒದ್ದೆ ಕೈ ಒರೆಸಿಕೊಂಡು ಬಂದು ನಡುವೆ ಕೂತಳು. "ರೀ, ಕೈ ಎರಡೂ ತೊಡೆ ಕೆಳಗೆ ಇಟ್ಕೊಳ್ಳಿ."

"ಏನೇ ಇದು, ಕಳ್ಳನ ಹಾಗೆ..."

"ಇಟ್ಕೊಳ್ಳಿ ಅಂದೆ."

ಆಸ್ಪತ್ರೆಯಲ್ಲಿ ಹಲ್ಲು ಕೀಳಿಸಿಕೊಳ್ಳಲು ಹೆದರುವವರನ್ನು ಒಳಗೆ ಕಳಿಸುವ ದನಿ ಅದು. ಮೇಷ್ಟ್ರು ಇಟ್ಟುಕೊಂಡರು. ಹುಡುಗಿ ಗಾಡಿ ಬಿಟ್ಟಳು. ಇಳಿಜಾರಿನಲ್ಲಿ ಅದು ಜೋರಾಯಿತು, ಇನ್ನೂ ಜೋರಾಯಿತು. ಮೇಷ್ಟ್ರು ಕಣ್ಣು ಮುಚ್ಚಿದರು, ಹಲ್ಲು ಕಚ್ಚಿದರು. ಮೇಜಿನ ಕೆಳಗೆ ಕಾಲು ನೆಲದೊಳಗೇ ಇಳಿದುಹೋಗುವಂತೆ ಒತ್ತುತ್ತಿತ್ತು. ಗಾಡಿ ತಳ ಮುಟ್ಟಿ ನಿಂತಿತು. ಯಾರೂ ಸಾಯಲಿಲ್ಲ. ಪರದೆಯ ಮೇಲೆ ವೇಗ ಬಿತ್ತು. ಹುಡುಗಿ ಬರೆದು ಕಳಿಸಿದಳು. 'ತಲುಪಿತು' ಎಂದು ಹಸಿರು ಅಕ್ಷರ ಬಂತು.

ಮೇಷ್ಟ್ರ ಮುಖ ಹುಳ್ಳಗಾಯಿತು. "ಹಾಗಾದ್ರೆ ಇದೇ ಹೋಮ್‌ವರ್ಕಾ?"

"ಹ್ಞೂಂ."

"ಮತ್ತೆ ಆ ಗಣಿತ?"

ಹುಡುಗಿ ಸೂರು ನೋಡಿದಳು. ಅಮ್ಮ ಆ ಕಲ್ಲಿನ ಮನೆಯನ್ನು ತೆರೆಸಿ ನೋಡಿದಳು, ಕಾಂಪೌಂಡ್ ಗೋಡೆಯನ್ನೂ ನೋಡಿದಳು. ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದವಳು ಕುರ್ಚಿ ಹಿಡಿದುಕೊಳ್ಳಬೇಕಾಯಿತು. "ರೀ, ಹೋಮ್‌ವರ್ಕ್ ಬಂದ್ ಮಾಡಿ ಒಂದು ವಾರ ಮಗಳ ಜೊತೆ ಆಟ ಆಡಿದ್ದೀರಲ್ರೀ!"

ಮೇಷ್ಟ್ರು ಪೇಚಿಗೆ ಸಿಕ್ಕರು. ಬೈಯಬೇಕೆಂದರೆ ಗೋಡೆ ಕಟ್ಟಿದ್ದು ಸ್ವತಃ ತಾವು. ವಾಪಸ್ ಕೊಡೋಣವೆಂದರೆ ಅಂಗಡಿಯವನಿಗೆ ಕಾರಣ ಹೇಳಬೇಕು. ಮಗಳು ಅವರನ್ನೇ ನೋಡುತ್ತಿದ್ದಳು. ತೋಳು ಇನ್ನೂ ಲ್ಯಾಪ್‌ಟಾಪಿನ ಸುತ್ತ ಇತ್ತು.

"ವಾಪಸ್ ಬೇಡ. ಇರಲಿ ಬಿಡು," ಎಂದರು ಕೊನೆಗೆ, ಯಾರಿಗೋ ಉಪಕಾರ ಮಾಡುವವರ ಹಾಗೆ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದರು. "ಆದ್ರೆ ಗೇಟು ಕಿರಿದಾಯ್ತು. ಲಾರಿ ಬಂದ್ರೆ ತಿರುಗಿಸೋಕಾಗಲ್ಲ."

"ಇನ್ನೂ ಇತಿಹಾಸದ ಹೋಮ್‌ವರ್ಕ್ ಬಾಕಿ ಇದೆ ಅಪ್ಪ. ಮೊದಲು ಅದು, ಆಮೇಲೆ ಗೇಟು."

ಹುಡುಗಿ ಪಾಠ ತೆರೆದು ನಿಧಾನವಾಗಿ, ಒಂದೊಂದೇ ಸಾಲು ಬೆರಳಿಟ್ಟು ಓದತೊಡಗಿದಳು. ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿ ಮಿಸುಕಾಡಿದರು. ಬಾಗಿಲ ಕಡೆ ನೋಡಿದರು, ಹೆಂಡತಿ ಒಳಗೆ ಹೋಗಿದ್ದಳು. ಮಗಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು:

"ಎಷ್ಟು ನಿಧಾನವೇ ನೀನು! ಸ್ವಲ್ಪ ಜೋರಾಗಿ ಓಡಿಸು."